ಕ್ಲಾರಾ ಶೂಮನ್ ಮತ್ತು ಅವರ ಸಂಗೀತದ ಗೆಳೆಯರು: ಪ್ರೇಮಕಥೆ ಬಿಟ್ಟು ಬೇರೇನಾದ್ರೂ ಇದೆಯಾ?

ಎಡಗೈ ಪಾಠ ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾನು ಪಿಯಾನೊ ಶುರು ಮಾಡಿದ್ದೇ ಮೂವತ್ತೆಂಟನೇ ವಯಸ್ಸಿಗೆ. ಈಗ ಏಳು ವರ್ಷ ಆಯ್ತು. ಎಡಗೈ ಇನ್ನೂ ನನ್ನ ಮಾತು ಕೇಳಲ್ಲ, ಹೆಸರು ನೋಡಿದ್ರೇ ಗೊತ್ತಾಗುತ್ತೆ.

ಹೋದ ತಿಂಗಳು ನಮ್ಮ ಟೀಚರ್ ಹತ್ತೊಂಬತ್ತನೇ ಶತಮಾನದ ಜರ್ಮನ್ ಸಂಯೋಜಕ ರಾಬರ್ಟ್ ಶೂಮನ್ ಬರೆದ ಒಂದು ಸಣ್ಣ ತುಣುಕು ಕೊಟ್ಟರು. ಓಪಸ್ 99 (ಓಪಸ್ ಅಂದ್ರೆ ಕೃತಿಯ ನಂಬರ್) ಸಂಕಲನದಲ್ಲಿ ನಾಲ್ಕನೆಯದು. ಎಫ್ ಶಾರ್ಪ್ ಮೈನರ್ ಸ್ವರಶ್ರೇಣಿ, ಒಟ್ಟು 24 ಬಾರ್ (ತಾಳದ ಅಳತೆ), ಅಷ್ಟೇ. ನೋಡೋಕೆ ಸುಲಭ. ಆದರೆ ಮೊದಲ ಸಲ ಪೂರ್ತಿ ನುಡಿಸಿ ಮುಗಿಸಿದಾಗ ಪೆಡಲ್ ಮೇಲಿಂದ ಕಾಲು ತೆಗೆಯೋಕೆ ಮನಸ್ಸಾಗಲಿಲ್ಲ. "ಇದೇ ಟ್ಯೂನ್ ಇಟ್ಟುಕೊಂಡು ಅವರ ಹೆಂಡತಿ, ಪಿಯಾನೊ ವಾದಕಿ ಕ್ಲಾರಾನೂ ವೇರಿಯೇಶನ್ಸ್, ಅಂದ್ರೆ ಅದನ್ನೇ ಬೇರೆ ಬೇರೆ ಥರ ಬದಲಾಯಿಸಿದ ತುಣುಕುಗಳನ್ನ ಬರೆದಿದ್ದಾರೆ, ಸಂಯೋಜಕ ಬ್ರಾಮ್ಸೂ ಬರೆದಿದ್ದಾರೆ" ಅಂದರು ಟೀಚರ್. ಅಷ್ಟರಲ್ಲಿ ಮುಂದಿನ ವಿದ್ಯಾರ್ಥಿ ಬಂದಾಗಿತ್ತು.

ಮನೆಗೆ ಬಂದು ಹುಡುಕಿದರೆ ಸಿಕ್ಕಿದ್ದೆಲ್ಲ ಒಂದೇ ಕಥೆ. ಗಂಡ ಮಾನಸಿಕ ಆಸ್ಪತ್ರೆಯಲ್ಲಿ, ಹೆಂಡತಿ ಮೇಲೆ ಬ್ರಾಮ್ಸ್ ಅನ್ನೋ ಹುಡುಗನಿಗೆ ಪ್ರೀತಿ, ಕೊನೆಗೆ ಮದುವೆ ಆಗಲಿಲ್ಲ, ಮುಗೀತು. ಅಲ್ಲ, ಕ್ಲಾರಾ ಒಂಬತ್ತನೇ ವಯಸ್ಸಿಗೆ ವೇದಿಕೆ ಹತ್ತಿದವರು, ಎಪ್ಪತ್ತು ದಾಟಿದ ಮೇಲೆ ಇಳಿದವರು. ಮಧ್ಯೆ ಎಂಟು ಹೆರಿಗೆ. ಅಂಥವರ ಬಗ್ಗೆ ಹೇಳೋಕೆ ಇರೋದು ಇಷ್ಟೇನಾ?

ನನ್ನ ಪ್ರಶ್ನೆ ಇಷ್ಟು: ಬೇರೆ ಸಂಗೀತಗಾರರ ಜೊತೆ ಅವರಿಗಿದ್ದ ಒಡನಾಟ ಕೆಲಸದಲ್ಲಿ ಹೇಗೆ ಕಾಣುತ್ತೆ? ಪಿಯಾನೊ ಮುಂದೆ ಕೂತು ನಾನೇ ಬೆರಳಿಟ್ಟು "ಇಲ್ಲಿದೆ" ಅನ್ನೋ ಹಾಗೆ ಏನಾದ್ರೂ ಸಿಗುತ್ತಾ?

---

ನಿದ್ದೆಗೇಡಿ ಉತ್ತರ:

ಎಷ್ಟೇ ಬೇಡ ಅಂದ್ರೂ ನಾನು ಪ್ರೇಮಕಥೆ ಪಾರ್ಟಿನೇ. 1887ರಲ್ಲಿ ಕ್ಲಾರಾ, ಬ್ರಾಮ್ಸ್ ಇಬ್ಬರೂ ಕೂತು ಒಬ್ಬರ ಪತ್ರ ಇನ್ನೊಬ್ಬರಿಗೆ ವಾಪಸ್ ಕೊಟ್ಟು, ಎಷ್ಟೋ ಪತ್ರಗಳನ್ನ ನಾಶ ಮಾಡಿದ್ದಾರೆ. ಏನೂ ಇಲ್ಲದಿದ್ರೆ ಯಾಕೆ ಹರೀತಾರೆ ಹೇಳಿ? ಆಗ ಕ್ಲಾರಾಗೆ 67, ಬ್ರಾಮ್ಸ್‌ಗೆ 54. ಆ ವಯಸ್ಸಲ್ಲೂ ಮುಚ್ಚಿಡೋಕೆ ಏನೋ ಇತ್ತು ಅಂತ ಆಯ್ತಲ್ಲ. ಸರಿ, ದೊಡ್ಡವರು ಯಾರಾದ್ರೂ ಬಂದು ಬೈಯಲಿ, ಕಾಯ್ತಿದೀನಿ.

---

ಮೂರನೇ ಪೆಡಲ್ ಉತ್ತರ:

ಬೈಯೋಕೆ ಬಂದಿಲ್ಲ ಮಾರಾಯಾ. ಹರಿದ ಪತ್ರ ಓದೋಕಾಗಲ್ಲ, ಉಳಿದಿರೋದನ್ನ ಓದಬಹುದು ಅಲ್ವಾ? ನಾನು ಮೂವತ್ತು ವರ್ಷ ಹಾಡುವವರಿಗೆ, ವಯಲಿನ್‌ನವರಿಗೆ ಪಕ್ಕದಲ್ಲಿ ಕೂತು ಪಿಯಾನೊ ನುಡಿಸಿದವಳು. ಜೊತೆಗಿರೋದು ಅಂದ್ರೆ ಏನು ಅಂತ ಸ್ವಲ್ಪ ಗೊತ್ತು. ಸುಮ್ನೆ ಹೊಗಳೋದಲ್ಲ ಅದು.

ಎಡಗೈ ಅವರೇ, ನಿಮ್ಮ ಟೀಚರ್ ಅರ್ಧಕ್ಕೆ ನಿಲ್ಲಿಸಿದ ಮಾತಿನಿಂದಲೇ ಶುರು ಮಾಡ್ತೀನಿ. ನಿಮ್ಮ ಪ್ರಶ್ನೆಗೆ ಉತ್ತರ ಆ 24 ಬಾರಲ್ಲೇ ಇದೆ.

1853ರ ಜೂನ್ 8 ರಾಬರ್ಟ್ ಹುಟ್ಟುಹಬ್ಬ. ಕ್ಲಾರಾ ಎಷ್ಟೋ ಕಾಲದ ನಂತರ ಮತ್ತೆ ಬರೆಯೋಕೆ ಕೂತು, ನೀವು ಕಲಿತ ಆ ಟ್ಯೂನ್ ಮೇಲೆ ಏಳು ವೇರಿಯೇಶನ್ ಮಾಡಿ ಕೊಟ್ಟರು. ಓಪಸ್ 20. ಮೇಲೆ ಬರೆದಿದ್ದು, ಇದು ನಿಮ್ಮ ಹಳೇ ಕ್ಲಾರಾಳ ಇನ್ನೊಂದು ದುರ್ಬಲ ಪ್ರಯತ್ನ ಅನ್ನೋ ಅರ್ಥದ ಸಾಲು. ಹಳೇ ಕ್ಲಾರಾಗೆ ಆಗ ವಯಸ್ಸೆಷ್ಟು? 33. ದುರ್ಬಲ ಅಂತೆ! ಒಮ್ಮೆ ಆ ಪುಟಗಳನ್ನ ತೆಗೆದು ನೋಡಿ, ಆಮೇಲೆ ಹೇಳಿ ಯಾರ ಕೈ ದುರ್ಬಲ ಅಂತ.

ಅದೇ ವರ್ಷ ಅಕ್ಟೋಬರ್ ಶುರುವಲ್ಲಿ ಡ್ಯುಸೆಲ್ಡಾರ್ಫ್‌ನ ಅವರ ಮನೆ ಬಾಗಿಲಿಗೆ ಬ್ರಾಮ್ಸ್ ಬಂದ. ಇಪ್ಪತ್ತು ವರ್ಷದ ಹುಡುಗ. ಅವನು ನುಡಿಸೋಕೆ ಶುರು ಮಾಡಿದ್ದನ್ನ ಕೇಳಿ ರಾಬರ್ಟ್ ತಿಂಗಳೊಳಗೆ ಪತ್ರಿಕೆಯಲ್ಲಿ ಲೇಖನ ಬರೆದು ಊರಿಗೆಲ್ಲ ಸಾರಿದರು. ನಾಲ್ಕು ತಿಂಗಳಲ್ಲಿ ಎಲ್ಲ ತಲೆಕೆಳಗಾಯ್ತು. 1854ರ ಫೆಬ್ರವರಿ 27ಕ್ಕೆ ರಾಬರ್ಟ್ ರೈನ್ ನದಿಗೆ ಹಾರಿದರು. ಬದುಕಿದರು. ಆದರೆ ಬಾನ್ ಹತ್ತಿರದ ಎಂಡೆನಿಖ್ ಆಸ್ಪತ್ರೆಗೆ ಸೇರಿದವರು ಮತ್ತೆ ಮನೆಗೆ ಬರಲೇ ಇಲ್ಲ. ಕ್ಲಾರಾ ಆಗ ಬಸುರಿ. ಹೋಗಿ ನೋಡೋಕೆ ಡಾಕ್ಟರು ಬಿಡಲಿಲ್ಲ. ಬ್ರಾಮ್ಸ್ ಸುದ್ದಿ ಕೇಳಿ ಓಡಿ ಬಂದ, ಮಕ್ಕಳನ್ನ ನೋಡಿಕೊಂಡ, ಮನೆ ಖರ್ಚಿನ ಲೆಕ್ಕದ ಪುಸ್ತಕ ಬರೆದ. ಪ್ರೇಮಕಥೆಯವರು ಈ ಲೆಕ್ಕದ ಪುಸ್ತಕವನ್ನ ಯಾಕೋ ಜಾಸ್ತಿ ಹೇಳಲ್ಲ.

ಆ ತಿಂಗಳುಗಳಲ್ಲೇ ಅವನು ಅದೇ ಟ್ಯೂನ್ ಎತ್ತಿಕೊಂಡು ಹದಿನಾರು ವೇರಿಯೇಶನ್ ಬರೆದ. ಓಪಸ್ 9. ಹಸ್ತಪ್ರತಿ ಮೇಲೆ 'ಅವರ ಟ್ಯೂನ್ ಮೇಲೆ, ಅವರಿಗೆ ಅರ್ಪಣೆ' ಅನ್ನೋ ಥರ ಇದೆ. ಜರ್ಮನ್‌ನಲ್ಲಿ ಮೊದಲನೆಯದು ಗಂಡಸು, ಎರಡನೆಯದು ಹೆಂಗಸು. ಕನ್ನಡದ ಬಹುವಚನದಲ್ಲಿ ಆ ಚಮಕ್ ಹೋಗಿಬಿಡುತ್ತೆ.

ಈಗ ಹತ್ತನೇ ವೇರಿಯೇಶನ್ ತೆಗೀರಿ. ಡಿ ಮೇಜರ್, ನಿಧಾನ. ಕೊನೆಗೆ ಬಂದಾಗ ಮೇಲಿನ ಸ್ವರಾನೂ ಬೇಡ, ಬೇಸೂ ಬೇಡ, ಮಧ್ಯದಲ್ಲಿ ನಡೆಯೋದನ್ನ ಮಾತ್ರ ನುಡಿಸಿ. ಅಲ್ಲೊಂದು ಬೇರೆ ಟ್ಯೂನ್ ಅಡಗಿದೆ. ಅದು ಕ್ಲಾರಾದು. 1833ರಲ್ಲಿ ಇನ್ನೂ ಕ್ಲಾರಾ ವೀಕ್ ಆಗಿದ್ದಾಗ, ಹದಿಹರೆಯದಲ್ಲಿ, ಓಪಸ್ 3 ಅಂತ ಅಚ್ಚಾಗಿ ರಾಬರ್ಟ್‌ಗೆ ಅರ್ಪಿಸಿದ ರೊಮಾನ್ಸ್, ಅಂದ್ರೆ ಭಾವಗೀತೆಯಂಥ ಕೃತಿ. ರಾಬರ್ಟ್ ಅದೇ ವರ್ಷ ಆ ಟ್ಯೂನ್ ಇಟ್ಟುಕೊಂಡು ತನ್ನ ಓಪಸ್ 5 ಬರೆದಿದ್ದರು. ಇಪ್ಪತ್ತೊಂದು ವರ್ಷ ಆದ ಮೇಲೆ ಬ್ರಾಮ್ಸ್ ಅದನ್ನ ಹುಡುಕಿ ತಂದು ಗಂಡನ ಟ್ಯೂನ್ ಒಳಗೆ ಹೆಂಡತಿ ಟ್ಯೂನ್ ಕೂರಿಸಿದ. ಮೇಲೆ ಮೇಲೆ ಕೇಳಿದರೆ ಗೊತ್ತೇ ಆಗಲ್ಲ. ನುಡಿಸುವವರ ಬೆರಳಿಗೆ ಮಾತ್ರ ಸಿಗುತ್ತೆ.

ಇಷ್ಟಕ್ಕೇ ಮುಗೀಲಿಲ್ಲ. ಕ್ಲಾರಾ ಓಪಸ್ 20ರ ಅಚ್ಚಾದ ಪ್ರತಿ ನೋಡಿ. ಕೊನೆಯ ಭಾಗದಲ್ಲಿ ಅಲ್ಲೂ ಅದೇ ಹಳೇ ರೊಮಾನ್ಸ್ ಇಣುಕುತ್ತೆ! ಎರಡು ಪುಸ್ತಕಾನೂ 1854ರಲ್ಲಿ ಒಂದೇ ಪ್ರಕಾಶಕರಿಂದ ಹೊರಬಂದವು. ರಾಬರ್ಟ್‌ಗೆ ಆಸ್ಪತ್ರೆಯಲ್ಲಿ ಓಪಸ್ 9 ಸಿಕ್ಕಿತು, ಓದಿ ಸಂತೋಷಪಟ್ಟು ಪತ್ರಾನೂ ಬರೆದರು. ಮೂರು ಜನ, ಒಂದು ಟ್ಯೂನ್. ಮಾತಾಡೋಕೆ ಆಗದ ಸಮಯದಲ್ಲಿ ಅವರು ಮಾತಾಡಿಕೊಂಡಿದ್ದು ಹೀಗೆ.

ಇನ್ನು ಗಂಡ ಹೆಂಡತಿ ಕೆಲಸ. 1841ರಲ್ಲಿ ಕವಿ ರುಕರ್ಟ್ ಪದ್ಯಗಳಿಗೆ ಇಬ್ಬರೂ ಸೇರಿ ಹನ್ನೆರಡು ಹಾಡು ಮಾಡಿದರು. ರಾಬರ್ಟ್‌ಗೆ ಓಪಸ್ 37, ಕ್ಲಾರಾಗೆ ಓಪಸ್ 12, ಒಂದೇ ಪುಸ್ತಕಕ್ಕೆ ಎರಡು ನಂಬರ್. ಯಾವ ಹಾಡು ಯಾರದು ಅಂತ ಪುಸ್ತಕದಲ್ಲಿ ಬರೆಯಲಿಲ್ಲ. ವಿಮರ್ಶಕರು ತಲೆ ಕೆರೆದುಕೊಂಡರು. ಎರಡು, ನಾಲ್ಕು, ಹನ್ನೊಂದು ಕ್ಲಾರಾದು. ಅಚ್ಚಾದ ಪ್ರತಿಯನ್ನ ಕ್ಲಾರಾ ಅವರ 22ನೇ ಹುಟ್ಟುಹಬ್ಬಕ್ಕೆ ರಾಬರ್ಟ್ ಕೊಟ್ಟರು. ಮೊದಲ ಮಗು ಮರೀ ಹುಟ್ಟಿ ಹನ್ನೆರಡು ದಿನ ಆಗಿತ್ತು. ಇದೇ ಮನೆಯಲ್ಲಿ ಇನ್ನೊಂದು ತಮಾಷೆ. ಗೋಡೆ ತೆಳು. ಗಂಡ ಬರೆಯೋಕೆ ಕೂತರೆ ಹೆಂಡತಿ ಪಿಯಾನೊ ಮುಟ್ಟುವ ಹಾಗಿಲ್ಲ. ಯೂರೋಪಿಗೆಲ್ಲ ಹೆಸರಾದ ಪಿಯಾನೊ ವಾದಕಿ, ಮನೆಯಲ್ಲಿ ಅಭ್ಯಾಸಕ್ಕೆ ಅವಕಾಶ ಇಲ್ಲ! ಇಬ್ಬರೂ ಸೇರಿ ಬರೆಯುತ್ತಿದ್ದ ಡೈರಿಯಲ್ಲೇ ಈ ದೂರು ಇದೆ.

ಬ್ರಾಮ್ಸ್ ಜೊತೆಗಿನ ಒಡನಾಟದಲ್ಲಿ ನನಗೆ ಜಾಸ್ತಿ ಇಷ್ಟ ಆಗೋದು ಕ್ಲಾರಾ ಹೇಳಿದ 'ಬೇಡ'ಗಳು. 1864ರಲ್ಲಿ ಅವನು ಎರಡು ಪಿಯಾನೊಗಳಿಗೆ ಒಂದು ಸೊನಾಟ (ಹಲವು ಭಾಗಗಳ ವಾದ್ಯಕೃತಿ) ಕಳಿಸಿದ. ಮೊದಲು ಐದು ತಂತಿವಾದ್ಯಗಳ ಕ್ವಿಂಟೆಟ್ ಆಗಿದ್ದು, ಅದು ಸರಿ ಹೋಗದೆ ಹೀಗೆ ಬದಲಾಯಿಸಿದ್ದ. ಕ್ಲಾರಾ ನುಡಿಸಿ ನೋಡಿ ಬರೆದರು: ತುಂಬ ಚೆನ್ನಾಗಿದೆ, ಆದರೆ ಇದು ಸೊನಾಟ ಅಲ್ಲ, ಇದರೊಳಗಿರೋದು ಒಂದು ಆರ್ಕೆಸ್ಟ್ರಾಗೆ ಆಗುವಷ್ಟಿದೆ, ದಯವಿಟ್ಟು ಇನ್ನೊಮ್ಮೆ ಬರಿ. ಅವನು ಬರೆದ. ಅದೇ ಈಗ ನಾವು ಕೇಳುವ ಎಫ್ ಮೈನರ್ ಪಿಯಾನೊ ಕ್ವಿಂಟೆಟ್, ಓಪಸ್ 34.

ಅವನೇನು ಕಮ್ಮಿ ಒರಟನಾ? 1861ರಲ್ಲಿ ಹ್ಯಾಂಡೆಲ್ ವೇರಿಯೇಶನ್ಸ್ ಬರೆದು ಅವರಿಗೇ ಕೊಟ್ಟ. ಆ ಡಿಸೆಂಬರಲ್ಲಿ ಹ್ಯಾಂಬರ್ಗ್‌ನಲ್ಲಿ ಕ್ಲಾರಾ ಜೀವ ಕೈಯಲ್ಲಿ ಹಿಡಿದು ನುಡಿಸಿದರು, ಚಪ್ಪಾಳೆ ಬಿತ್ತು. ಇವನು ಬಂದು "ನನಗೆ ಇದನ್ನ ಇನ್ನು ಕೇಳೋಕಾಗಲ್ಲ" ಅಂದುಬಿಟ್ಟ. ತನ್ನದೇ ಕೃತಿ! ಕ್ಲಾರಾ ನೊಂದುಕೊಂಡು ಡೈರಿಯಲ್ಲಿ ಬರೆದುಕೊಂಡರು. ಪಕ್ಕದಲ್ಲಿ ಕೂತು ನುಡಿಸುವ ಎಲ್ಲರಿಗೂ ಒಬ್ಬ ಇಂಥವನು ಗಂಟು ಬಿದ್ದೇ ಇರ್ತಾನೆ.

ಎಡಗೈ ಅವರೇ, ನಿಮ್ಮ ಹೆಸರಿಗೆ ಅಂತಲೇ ಒಂದು. 1877ರ ಬೇಸಿಗೆಯಲ್ಲಿ ಬ್ರಾಮ್ಸ್ ಬಾಖ್ ಒಂಟಿ ವಯಲಿನ್‌ಗೆ ಬರೆದ ಶಕಾನ್ ಅನ್ನೋ ಕೃತಿಯನ್ನ ಪಿಯಾನೊಗೆ ಇಳಿಸಿದ, ಬರೀ ಎಡಗೈಗೆ. ಒಂಟಿ ವಯಲಿನ್ ಪಡುವ ಕಷ್ಟ, ಸುಖ ಎರಡೂ ಪಿಯಾನೊ ಮೇಲೆ ಸಿಗಬೇಕಾದರೆ ಒಂದೇ ಕೈಯಲ್ಲಿ ನುಡಿಸಬೇಕು ಅನ್ನೋದು ಅವನ ಲೆಕ್ಕ. ಕ್ಲಾರಾಗೆ ಅಂಚೆಯಲ್ಲಿ ಕಳಿಸಿದ. ಕ್ಲಾರಾ ಆಗ ಕೀಲ್ ಊರಿನಲ್ಲಿದ್ದರು. ಅಲ್ಲಿಗೆ ಬಂದ ಮಾರನೇ ದಿನ ಡ್ರಾಯರ್ ಎಳೆಯೋಕೆ ಹೋಗಿ ಬಲಗೈ ನರ ಉಳುಕಿತ್ತು! ಅಷ್ಟರಲ್ಲೇ ಈ ಕಟ್ಟು ಬಂತು. ಇಂಥದ್ದು ನಿನಗೆ ಮಾತ್ರ ಹೊಳೆಯೋಕೆ ಸಾಧ್ಯ ಅಂತ ಬರೆದರು. ಕೈ ಉಳುಕಿದ್ದು ಅವನಿಗೆ ಗೊತ್ತೇ ಇರಲಿಲ್ಲ.

ವಯಲಿನ್ ವಾದಕ ಯೋವಾಕಿಮ್ ಬಗ್ಗೆ ಬೇಗ ಹೇಳ್ತೀನಿ. ವಯಲಿನ್ ಮತ್ತು ಪಿಯಾನೊಗೆ ಕ್ಲಾರಾ ಬರೆದ ಮೂರು ರೊಮಾನ್ಸ್, ಓಪಸ್ 22, ಅವನಿಗೆ ಅರ್ಪಣೆ. ಹ್ಯಾನೋವರ್‌ನ ಅರಸ ಕೇಳಿ ಮರುಳಾಗಿದ್ದನಂತೆ. ಪಿಯಾನೊ ಭಾಗ ನೋಡೋಕೆ ಸಲೀಸು. ನಾನು ಎಷ್ಟೋ ಸಲ ನುಡಿಸಿದ್ದೀನಿ, ಮೊದಲನೆಯದರಲ್ಲಿ ವಯಲಿನ್ ಉಸಿರು ತಗೊಳ್ಳುವಾಗ ಪಿಯಾನೊ ಎಷ್ಟು ಕಾಯಬೇಕು ಅನ್ನೋದೇ ಇವತ್ತಿಗೂ ಅಂದಾಜಿನ ಕೆಲಸ.

---

ಒಡಕು ತಂತಿ ಉತ್ತರ:

ಪೆಡಲ್ ಮೇಡಂ ಚೆನ್ನಾಗಿ ಬರೆದಿದ್ದಾರೆ, ಆದರೆ ದೇವಿ ಮಾಡಿಬಿಡಬೇಡಿ. ಗೆಳೆತನಕ್ಕೆ ಇನ್ನೊಂದು ಮುಖಾನೂ ಇದೆ.

ಪಿಯಾನೊ ವಾದಕ, ಸಂಯೋಜಕ ಲಿಸ್ಟ್‌ನ ಪಗನೀನಿ ಎಟ್ಯೂಡ್ಸ್ (ಅಭ್ಯಾಸದ ತುಣುಕುಗಳು) ಗೊತ್ತಲ್ಲ, 'ಲಾ ಕಂಪನೆಲ್ಲಾ' ಇರುವ ಸಂಪುಟ? ಅದು ಯಾರಿಗೆ ಅರ್ಪಣೆ ಅಂತ ಮುಖಪುಟ ನೋಡಿ. ಕ್ಲಾರಾಗೆ. ಬಿ ಮೈನರ್ ಸೊನಾಟ ರಾಬರ್ಟ್‌ಗೆ. ಆ ಸೊನಾಟ ಅಚ್ಚಾಗಿ ಮನೆಗೆ ಬಂದಾಗ 1854ರ ಮೇ ತಿಂಗಳು, ರಾಬರ್ಟ್ ಆಸ್ಪತ್ರೆಯಲ್ಲಿ. ಬ್ರಾಮ್ಸ್ ಕೂತು ನುಡಿಸಿ ತೋರಿಸಿದ. ಕ್ಲಾರಾ ಡೈರಿಯಲ್ಲಿ ಬರೆದಿದ್ದು ಬರೀ ಗದ್ದಲ ಅಂತ. ಇದಕ್ಕೆ ಥ್ಯಾಂಕ್ಸ್ ಬೇರೆ ಹೇಳಬೇಕಲ್ಲ ಅಂತ ಗೊಣಗಿಕೊಂಡರು. ಇವತ್ತು ಆ ಸೊನಾಟ ನುಡಿಸದ ಪಿಯಾನೊ ವಾದಕರೇ ಇಲ್ಲ ಅನ್ನಬಹುದು.

ಗಂಡನ ಕೆಲಸದ ವಿಷಯದಲ್ಲೂ ಕೈ ಬಿಗಿ. ರಾಬರ್ಟ್ 1853ರಲ್ಲಿ ಬರೆದ ವಯಲಿನ್ ಕಾನ್ಸರ್ಟೊ (ಒಂದು ವಾದ್ಯ, ಜೊತೆಗೆ ಆರ್ಕೆಸ್ಟ್ರಾ) ಚೆನ್ನಾಗಿಲ್ಲ ಅಂತ ಕ್ಲಾರಾ, ಯೋವಾಕಿಮ್, ಬ್ರಾಮ್ಸ್ ಸೇರಿ ಬಚ್ಚಿಟ್ಟರು. ಅದು ವೇದಿಕೆಗೆ ಬಂದಿದ್ದು 1937ರಲ್ಲಿ. ಅದೇ ಕಾಲದ ಚೆಲ್ಲೊ ರೊಮಾನ್ಸ್‌ಗಳನ್ನಂತೂ ಕ್ಲಾರಾ 1893ರಲ್ಲಿ ಸುಟ್ಟೇಬಿಟ್ಟರು. ಕಾನ್ಸರ್ಟೊ ಬಚ್ಚಿಟ್ಟಿದ್ದಕ್ಕೆ ಕ್ಷಮಿಸಬಹುದು, ಸಿಕ್ಕಿತಲ್ಲ. ಸುಟ್ಟಿದ್ದು ಎಲ್ಲಿಂದ ತರೋದು? ನಾನು ಚೆಲ್ಲೊ ನುಡಿಸುವವನು. ನಮಗೆ ಮೊದಲೇ ಕೃತಿಗಳು ಕಮ್ಮಿ. ಈ ಸಿಟ್ಟು ನನ್ನ ಜೊತೆಗೇ ಹೋಗುತ್ತೆ.

ಬ್ರಾಮ್ಸ್ ಜೊತೆಗೂ ಎಲ್ಲ ಸರಿ ಇರಲಿಲ್ಲ. ರಾಬರ್ಟ್‌ನ ಡಿ ಮೈನರ್ ಸಿಂಫನಿಗೆ 1841ರ ಹಳೇ ರೂಪ ಒಂದಿದೆ, ಆಮೇಲೆ ತಿದ್ದಿದ್ದು ಒಂದಿದೆ. ಹಳೇದೇ ಚೆನ್ನ ಅಂತ ಬ್ರಾಮ್ಸ್ ಹಟ ಹಿಡಿದು 1891ರಲ್ಲಿ ಅಚ್ಚು ಹಾಕಿಸಿದ. ಕ್ಲಾರಾ ಕೆಂಡ. ಮಾತುಕತೆನೇ ನಿಲ್ಲುವ ಮಟ್ಟಕ್ಕೆ ಹೋಯ್ತು. ಮುಂದಿನ ವರ್ಷ ಅವರ ಹುಟ್ಟುಹಬ್ಬಕ್ಕೆ ಇವನೇ ಸೋತು ಪತ್ರ ಬರೆದ. ನೀನು ಮತ್ತು ನಿನ್ನ ಗಂಡ ನನ್ನ ಬಾಳಿನ ಅತಿ ಚೆಂದದ ಅನುಭವ ಅಂತ.

---

ಮೂರನೇ ಪೆಡಲ್ ಉತ್ತರ:

ತಂತಿಯವರೇ, ಸುಟ್ಟಿದ್ದಕ್ಕೆ ನನ್ನ ಹತ್ತಿರಾನೂ ಸಮಾಧಾನ ಇಲ್ಲ. ಆದರೆ ಒಂದು ಯೋಚಿಸಿ. ತಮ್ಮ ಬರವಣಿಗೆಗೇ ಅವರು ಇನ್ನೂ ಕಠಿಣವಾಗಿದ್ದರು. ಇಪ್ಪತ್ತನೇ ವಯಸ್ಸಿಗೇ ಡೈರಿಯಲ್ಲಿ, ಹೆಂಗಸು ಸಂಗೀತ ರಚನೆಗೆ ಆಸೆ ಪಡಬಾರದು, ಇವತ್ತಿನವರೆಗೆ ಯಾರಿಂದಲೂ ಆಗಿಲ್ಲ, ನನ್ನಿಂದ ಆಗುತ್ತಾ ಅಂತ ಬರೆದುಕೊಂಡಿದ್ದಾರೆ. ಇದನ್ನ ಬರೆಯುವ ಹೊತ್ತಿಗೆ ಅವರ ಸ್ವಂತ ಪಿಯಾನೊ ಕಾನ್ಸರ್ಟೊ ನುಡಿಸಿ ನಾಲ್ಕು ವರ್ಷ ಆಗಿತ್ತು! 1835ರ ನವೆಂಬರ್ 9, ಲೈಪ್ಜಿಗ್‌ನ ಗೆವಾಂಡ್‌ಹೌಸ್ ಸಭಾಂಗಣ, ಆರ್ಕೆಸ್ಟ್ರಾ ನಡೆಸಲು ಮುಂದೆ ನಿಂತಿದ್ದು ಸಂಯೋಜಕ ಮೆಂಡೆಲ್ಸನ್. ಹುಡುಗಿಗೆ ಹದಿನಾರು.

ನೀವು ಚೆಲ್ಲೊದವರು ಅಂದಿರಲ್ಲ, ಅದಕ್ಕೆ ಒಂದು ಪರಿಹಾರ ಕೊಡ್ತೀನಿ. ಆ ಕಾನ್ಸರ್ಟೊದ ಎರಡನೇ ಭಾಗ ತೆಗೀರಿ. ಆರ್ಕೆಸ್ಟ್ರಾ ಪೂರ್ತಿ ಸುಮ್ಮನೆ ಕೂತಿರುತ್ತೆ. ಪಿಯಾನೊ, ಒಂದು ಚೆಲ್ಲೊ, ಇಬ್ಬರೇ. ಆ ಕಾಲದ ಕಾನ್ಸರ್ಟೊದಲ್ಲಿ ಹಾಗೆ ಮಾಡೋಕೆ ಧೈರ್ಯ ಬೇಕು. ಆಮೇಲೆ ಬ್ರಾಮ್ಸ್‌ನ ಎರಡನೇ ಪಿಯಾನೊ ಕಾನ್ಸರ್ಟೊ ನಿಧಾನ ಭಾಗ ಕೇಳಿ, 1881ರದ್ದು. ಶುರು ಯಾರದು? ಚೆಲ್ಲೊದು. ಇದು ಅದರಿಂದಲೇ ಬಂತು ಅಂತ ನಾನು ಪ್ರಮಾಣ ಮಾಡಲ್ಲ. ಒಂದೇ ಸಂಜೆ ಎರಡನ್ನೂ ಕೇಳಿ, ಸಾಕು.

ಗೆಳತಿಯರ ವಿಷಯ ಯಾರೂ ಎತ್ತಲಿಲ್ಲ. ಪೌಲೀನ್ ವಿಯಾರ್ಡೊ ದೊಡ್ಡ ಗಾಯಕಿ, ಲಿಸ್ಟ್ ಹತ್ತಿರ ಪಿಯಾನೊ ಕಲಿತವರು, ಸ್ವತಃ ಬರೆಯುವವರು. ಹದಿಹರೆಯದಲ್ಲಿ ಶುರುವಾದ ಸ್ನೇಹ ಕೊನೆತನಕ ಇತ್ತು. 1860ರ ದಶಕದಲ್ಲಿ ಬಾಡೆನ್ ಬಾಡೆನ್‌ನಲ್ಲಿ ಇಬ್ಬರಿಗೂ ಮನೆ. ವಿಯಾರ್ಡೊ ತಮ್ಮ ಮಕ್ಕಳು, ಶಿಷ್ಯೆಯರನ್ನ ಕಟ್ಟಿಕೊಂಡು ಮನೆಯಲ್ಲೇ ಪುಟ್ಟ ಅಪೆರೆಟ್ಟಾ (ಹಾಡಿನ ಹಗುರ ನಾಟಕ) ಆಡಿಸುತ್ತಿದ್ದರು. ಅದನ್ನ ನೋಡಿ ಕ್ಲಾರಾ ಬೆರಗಾದರು. ನಾನು ಕಂಡ ಹೆಂಗಸರಲ್ಲೇ ಇವಳಷ್ಟು ಪ್ರತಿಭೆ ಇರುವವಳು ಇಲ್ಲ ಅಂತ ಬ್ರಾಮ್ಸ್‌ಗೆ ಬರೆದರು. ಲಿಸ್ಟ್‌ಗೆ ಒಂದು ಒಳ್ಳೆ ಮಾತು ಹೇಳೋಕೆ ಅಷ್ಟು ಜಿಪುಣತನ ಮಾಡಿದ ಅದೇ ಕ್ಲಾರಾ.

---

ಎಡಗೈ ಪಾಠ ಉತ್ತರ:

ನಾಲ್ಕು ದಿನ ಬಿಟ್ಟು ಬರೀತಿದ್ದೀನಿ, ಕ್ಷಮಿಸಿ. ಓಪಸ್ 9 ಪೂರ್ತಿ ನುಡಿಸೋದು ನನ್ನ ಕೈಲಾಗಲ್ಲ, ಆಸೆನೂ ಇಟ್ಟುಕೊಂಡಿಲ್ಲ. ಪೆಡಲ್ ಅಕ್ಕ ಹೇಳಿದ ಹಾಗೆ ಹತ್ತನೇದರ ಕೊನೆ ಮಾತ್ರ ತೆಗೆದೆ. ಮೊದಲ ದಿನ ಏನೂ ಸಿಗಲಿಲ್ಲ. ನನಗೆ ಕೇಳಿಸಿದ್ದು ಬರೀ ಕಾರ್ಡ್‌ಗಳು. ಎರಡನೇ ದಿನ ಪೆನ್ಸಿಲ್ ತಗೊಂಡು ಮಧ್ಯದ ಸ್ವರಗಳಿಗೆ ಗೋಲ ಹಾಕಿದೆ. ಓಪಸ್ 3ರ ಮೊದಲ ಸಾಲನ್ನ ಪಕ್ಕದ ಕಾಗದದಲ್ಲಿ ಬರೆದಿಟ್ಟುಕೊಂಡೆ. ಕಣ್ಣಿಗೆ ಎರಡೂ ಒಂದೇ ಅಂತ ಕಂಡಿತು, ಕಿವಿಗೆ ಇನ್ನೂ ಇಲ್ಲ.

ನಿನ್ನೆ ರಾತ್ರಿ ಗೋಲ ಹಾಕಿದ್ದನ್ನ ಮಾತ್ರ ಬಿಡಿಬಿಡಿಯಾಗಿ ಒತ್ತಿದೆ. ಆಮೇಲೆ ಸುತ್ತಲಿನ ಸ್ವರಗಳನ್ನ ಒಂದೊಂದಾಗಿ, ತೀರಾ ಮೆಲ್ಲಗೆ ಸೇರಿಸಿದೆ. ಐದನೇ ಸಲವೋ ಆರನೇ ಸಲವೋ ಕೇಳಿಸಿತು. ಹಿಂದೆ ತಿರುಗಿ ನೋಡಿದೆ, ನಿಜವಾಗ್ಲೂ. ಮನೆಯಲ್ಲಿ ಯಾರಿಗೂ ಎಚ್ಚರ ಇರಲಿಲ್ಲ.

ಈಗ ಹೊಸ ತೊಂದರೆ. ಆ ಟ್ಯೂನ್ ಎದ್ದು ಕೇಳಬೇಕಾ, ಅಥವಾ ಅಡಗಿಯೇ ಇರಬೇಕಾ? ಜೋರು ಮಾಡಿದರೆ ಗುಟ್ಟು ರಟ್ಟಾದ ಹಾಗೆ, ಮೆಲ್ಲಗೆ ಮಾಡಿದರೆ ಕೇಳುವವರಿಗೆ ಇಲ್ಲವೇ ಇಲ್ಲ.

---

ಮೂರನೇ ಪೆಡಲ್ ಉತ್ತರ:

ನಾನು ಅಡಗಿಸಿಯೇ ನುಡಿಸ್ತೀನಿ. ಆದರೆ ಆ ಬೆರಳಿಗೆ ಸ್ವಲ್ಪ ತೂಕ ಜಾಸ್ತಿ ಕೊಡ್ತೀನಿ, ನನಗೋಸ್ಕರ. ಬಲಗೈ ಹೆಬ್ಬೆರಳಿಗೆ ಬಂದರೆ ಹಾಗೇ ಬಿಡಿ. ಎಡಗೈಗೆ ಬಂದರೆ ಡ್ರಾಯರ್ ಎಳೆಯುವಾಗ ಹುಷಾರು.

---

ನಿದ್ದೆಗೇಡಿ ಉತ್ತರ:

ಲೆಕ್ಕದ ಪುಸ್ತಕ ಬರೆಯೋ ಹುಡುಗ ಅಂದ್ರೆ ಇನ್ನೂ ದೊಡ್ಡ ಪ್ರೇಮಕಥೆ ಸ್ವಾಮೀ. ನಾನು ಪಾರ್ಟಿ ಬದಲಾಯಿಸಲ್ಲ.